ಬಾಬಣ್ಣ ಖುಷಿಯಿಂದ ಬಡಿದದ್ದಲ್ಲ

ಸುಶೀಲಾ, ನಿನ್ನ ಅಪ್ಪ ಬಾಬಣ್ಣ ಆ ಸಂಜೆ ಅತಿಥಿಗಳ ಎದುರು ಡೋಲು ಬಡಿದದ್ದು ನಾನು ಹೇಳಿದ ಸುಳ್ಳನ್ನು ನಂಬಿ. ನೀನು ಒಪ್ಪಿದ್ದೀಯೆಂದು ನಾನು ಅವರಿಗೆ ಹೇಳಿದೆ. ಅವರೇ ಖುಷಿಯಿಂದ ಬಡಿದರೆಂದು ನಿನಗೆ ಹೇಳಿದೆ. ಎರಡೂ ಸುಳ್ಳು. ಎರಡನ್ನೂ ಹೇಳಿದವಳು ನಾನೊಬ್ಬಳೇ — ನಿನ್ನ ಗೆಳತಿ ವೀಣಾ.

ಇದನ್ನು ನಿನಗೊಬ್ಬಳಿಗೇ ಫೋನಿನಲ್ಲಿ ಹೇಳಿ ಮುಗಿಸಬಹುದಿತ್ತು. ಆದರೆ ಬಾಬಣ್ಣನ ಹೆಸರು ಕೆಟ್ಟದ್ದು ಹತ್ತು ಜನರ ಎದುರು. ಅದನ್ನು ನಿನ್ನ ಕಿವಿಯಲ್ಲಿ ಪಿಸುಗುಟ್ಟಿ ನಾನು ಮನೆಗೆ ಹೋಗಿ ನಿದ್ದೆ ಮಾಡುವುದು — ಅದೂ ಒಂದು ಬಗೆಯ ಕಳ್ಳತನವೇ. ಆದ್ದರಿಂದ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ. ನಿನಗೆ ಗೊತ್ತಿರುವ ಸಂಗತಿಗಳನ್ನೂ ಬೇರೆಯವರಿಗಾಗಿ ಹೇಳಬೇಕಾಗುತ್ತದೆ, ಸಹಿಸಿಕೋ.

ನಾವಿಬ್ಬರೂ ಕಾರ್ಕಳದ ಕಾಲೇಜಿನಲ್ಲಿ ಒಂದೇ ಬೆಂಚಿನವರು. ನೀನು ಕೊರಗ ಸಮುದಾಯದವಳು, ಘಟ್ಟದ ಬುಡದ ಕಾಲನಿಯಿಂದ ಬಸ್ಸು ಹಿಡಿದು ಬರುತ್ತಿದ್ದೆ. ನಾನು ಕಾಪುವಿನವಳಾದರೂ ಓದಲೆಂದು ಕಾರ್ಕಳದ ಹತ್ತಿರ ಅಜ್ಜನ ಮನೆಯಲ್ಲಿದ್ದೆ. ಓದು ಮುಗಿದ ಮೇಲೆ ನೀನು ಟೀಚರಾದೆ, ನಿಮ್ಮವರ ಸಂಘದಲ್ಲಿ ಮಾತಾಡುವವಳಾದೆ. ನಾನು ಮಣಿಪಾಲದಲ್ಲಿ ಒಂದು ಸಣ್ಣ ಟ್ರಾವೆಲ್ಸ್ ಆಫೀಸು ತೆರೆದೆ. ಕಾಡಿನ ಚಾರಣ, ಮತ್ತೆ ನಿಮ್ಮ ಕಾಲನಿಯಲ್ಲಿ ವಾಸ್ತವ್ಯ — ಈ ಯೋಚನೆ ಯಾರದೆಂದು ಕೇಳಿದವರಿಗೆಲ್ಲ ನಾನು ನನ್ನದೆಂದೇ ಹೇಳುತ್ತಿದ್ದೆ. ಅದು ನಿನ್ನದು. ಸುಳ್ಳಿನ ಅಭ್ಯಾಸ ನನಗೆ ಮೊದಲಿನಿಂದಲೂ ಇತ್ತು, ನೋಡು.

"ನಮ್ಮವರನ್ನು ನೋಡ್ಲಿಕ್ಕೆ ಯಾರೂ ಬರುವುದು ಬೇಡ. ನಮ್ಮೊಟ್ಟಿಗೆ ಇರ್ಲಿಕ್ಕೆ ಬರುವುದಾದ್ರೆ ಬರ್ಲಿ," ಎಂದಿದ್ದೆ ನೀನು. ಹಾಗೆಯೇ ನಡೆಯಿತು. ಬೆಳಿಗ್ಗೆ ಮಣಿಪಾಲದಿಂದ ವ್ಯಾನು, ಕಾರ್ಕಳ ದಾಟಿ ಘಟ್ಟದ ಬುಡದವರೆಗೆ. ಅಲ್ಲಿಂದ ಬಾಬಣ್ಣ ಮುಂದೆ, ಅತಿಥಿಗಳು ಹಿಂದೆ. ಪರ್ವತ ಹತ್ತುವ ಬೂಟು ಹಾಕಿಕೊಂಡು ಬಂದು, ಒಂದು ಜಿಗಣೆ ಕಚ್ಚಿದರೆ ಕಾಡುಕೋಣ ತಿವಿದವರ ಹಾಗೆ ಕೂಗುವ ಜನ! ಬಾಬಣ್ಣ ನಗದೆ ಬಂದು ಜಿಗಣೆ ತೆಗೆದು ಮುಂದೆ ನಡೆಯುತ್ತಿದ್ದರು. ಬುಟ್ಟಿಗೆ ಬೇಕಾದ ಬಳ್ಳಿಗಳನ್ನು ತೋರಿಸುತ್ತಿದ್ದರು. ಮಧ್ಯಾಹ್ನ ನಿಮ್ಮ ಅಂಗಳದಲ್ಲಿ ಕುಚ್ಚಲಕ್ಕಿ ಗಂಜಿ, ಒಣಮೀನಿನ ಚಟ್ನಿ. ಸಂಜೆ ಬುಟ್ಟಿ ಹೆಣೆಯುತ್ತ ಮಾತು. ಬಂದವರು ನಿಮ್ಮ ಚಾಪೆಯ ಮೇಲೆ ನಿಮ್ಮ ಜೊತೆಗೇ ಕೂತು ಉಣ್ಣಬೇಕೆಂಬುದು ನೀನು ಮಾಡಿದ ನಿಯಮ. ಅದನ್ನು ಓದಿಯೇ ಒಂದಷ್ಟು ಜನ ಬರುವ ಮನಸ್ಸು ಬದಲಾಯಿಸಿದ್ದೂ ಉಂಟು. "ಒಳ್ಳೆಯದೇ ಆಯ್ತು ಮಾರಾಯ್ತಿ, ಗಂಜಿ ಉಳೀತು," ಎಂದು ನೀನು ನಗುತ್ತಿದ್ದೆ.

ಇನ್ನೊಂದು ನಿಯಮವೂ ಇತ್ತು — ಡೋಲು ಬಡಿಯಲು ಯಾರನ್ನೂ ಕೇಳಕೂಡದು.

ಯಾಕೆಂದು ನೀನು ನನಗೆ ವಿವರಿಸಲಿಲ್ಲ, ವಿವರಿಸುವ ಅಗತ್ಯವೂ ಇರಲಿಲ್ಲ. ನಾನು ಕಂಬಳದ ಮನೆಯ ಮೊಮ್ಮಗಳು. ಕಂಬಳದ ಹಿಂದಿನ ದಿನ ಅಜ್ಜನ ಗದ್ದೆಯ ಬದಿಯಲ್ಲಿ ನಿಮ್ಮವರು ನಿಂತು ಡೋಲು ಬಡಿಯುತ್ತಿದ್ದುದನ್ನು ಚಿಕ್ಕಂದಿನಲ್ಲಿ ಕಂಡವಳು. ಕರೆದರೆ ಬರಬೇಕು, ಬಡಿ ಎಂದರೆ ಬಡಿಯಬೇಕು, ಸಾಕು ಎನ್ನುವವರೆಗೆ ನಿಲ್ಲಿಸುವ ಹಾಗಿಲ್ಲ. ಎಲ್ಲರ ಊಟ ಮುಗಿದ ಮೇಲೆ ಉಳಿದದ್ದು ಅವರಿಗೆ — ಅಂಗಳದ ಆಚೆ, ಒಡ್ಡಿದ ಬಟ್ಟೆಯೊಳಗೆ. ಆ ಪದ್ಧತಿಗೆ ಕಾನೂನು ತಡೆ ಹಾಕಿತು. ಆದರೆ ಅದಕ್ಕಿಂತ ದೊಡ್ಡದು ನಿಮ್ಮವರೇ ಸೇರಿ ಮಾಡಿದ ತೀರ್ಮಾನ: ಇನ್ನು ಯಾರ ಕರೆಗೂ ಡೋಲು ಬಡಿಯುವುದಿಲ್ಲ, ನಮ್ಮ ಮನೆಯ ಸಂತೋಷಕ್ಕೆ, ನಮ್ಮ ಹಬ್ಬಕ್ಕೆ ಮಾತ್ರ. ನಿಮ್ಮ ಕಾಲನಿಯಲ್ಲಿ ಆ ಮಾತನ್ನು ಮೊದಲು ಆಡಿದವರು ಬಾಬಣ್ಣ ಎಂದು ನೀನು ಎಷ್ಟು ಹೆಮ್ಮೆಯಿಂದ ಹೇಳುತ್ತಿದ್ದೆ! ನಿಮ್ಮ ಹಬ್ಬದ ದಿನ ಅವರು ಬಡಿಯುವುದನ್ನೂ ನಾನು ನೋಡಿದ್ದೆ. ಹೆಗಲಿಗೆ ಡೋಲು ಬಿದ್ದರೆ ಅವರ ವಯಸ್ಸೇ ಇಳಿಯುತ್ತಿತ್ತು.

ಇಷ್ಟೆಲ್ಲ ಗೊತ್ತಿದ್ದೂ — ಗೊತ್ತಿಲ್ಲದೆ ಮಾಡಿದ ತಪ್ಪು ಎನ್ನಲು ನನಗೆ ಎಳ್ಳಷ್ಟೂ ಜಾಗವಿಲ್ಲ.

ಆ ಸಲ ಬಂದದ್ದು ಮುಂಬೈಯ ಒಂದು ಗುಂಪು. ಅವರ ಜೊತೆ ದೊಡ್ಡ ಪ್ರವಾಸ ಕಂಪನಿಯೊಂದರ ಮನುಷ್ಯನಿದ್ದ. ಅವನಿಗೆ ಒಪ್ಪಿಗೆಯಾದರೆ ವರ್ಷವಿಡೀ ನಮಗೆ ಗುಂಪುಗಳು ಬರುತ್ತಿದ್ದವು. ನೀನು ತರಬೇತಿಗೆಂದು ಉಡುಪಿಗೆ ಹೋಗಿದ್ದೆ. ಕಾಲನಿಯಲ್ಲಿ ಫೋನಿಗೆ ಸಿಗ್ನಲ್ ಸಿಗುವುದಿಲ್ಲ. ಸಂಜೆಯ ಚಹಾ ಆದ ಮೇಲೆ ಆ ಮನುಷ್ಯ ಸುತ್ತ ನೋಡಿ, ಕಾಡೇನೋ ಚೆನ್ನಾಗಿದೆ, ಆದರೆ ಇಲ್ಲಿಯ ಜನರ ಕುಣಿತ, ವಾದ್ಯ ಏನೂ ಇಲ್ಲವೇ, ಬುಟ್ಟಿ ನೋಡಲು ಯಾರು ಇಷ್ಟು ದೂರ ಬರುತ್ತಾರೆ ಎಂದು ಕೇಳಿದ. ಇಲ್ಲ ಎನ್ನಬಹುದಿತ್ತು. ಇಲ್ಲ ಎನ್ನಲು ಒಂದು ಕ್ಷಣ ಸಾಕಿತ್ತು. ನಾನು, ಸ್ವಲ್ಪ ಇರಿ, ಎಂದೆ.

ಬಾಬಣ್ಣ ಜಗಲಿಯಲ್ಲಿ ಕೂತು ಬುಟ್ಟಿಗೆ ಅಂಚು ಕಟ್ಟುತ್ತಿದ್ದರು.

"ಬಾಬಣ್ಣ, ಒಂದು ಸ್ವಲ್ಪ ಡೋಲು ಬಡಿಯಬಹುದಾ? ಸಣ್ಣದಾಗಿ."

"ಅದು ಬೇಡ ವೀಣಕ್ಕ," ಎಂದರು ತಲೆಯೆತ್ತದೆ. "ಅದು ನಾವು ಬಿಟ್ಟದ್ದು. ನಿಮಗೆ ಗೊತ್ತುಂಟಲ್ವಾ."

ನನ್ನ ತಂದೆಗಿಂತ ಹಿರಿಯ ಮನುಷ್ಯ ನನ್ನನ್ನು ಅಕ್ಕ ಎನ್ನುತ್ತಿದ್ದರು. ಹಾಗೆ ಕರೆಯಬೇಡಿ ಎಂದು ಅಷ್ಟು ವರ್ಷಗಳಲ್ಲಿ ನಾನು ಒಮ್ಮೆಯೂ ಹೇಳಿರಲಿಲ್ಲ. ಆಗ ನನ್ನ ಬಾಯಿಯಿಂದ ಆ ಮಾತು ಬಂತು, ತಡವರಿಸದೆ, ನೀಟಾಗಿ:

"ಸುಶೀಲಾ ಒಪ್ಪಿದ್ದಾಳೆ ಬಾಬಣ್ಣ. ಅವಳೇ ಹೇಳಿ ಕಳಿಸಿದ್ದು."

ಅವರ ಕೈ ನಿಂತಿತು. "ಸುಶೀಲಾ ಹೇಳಿದ್ದಾ?" ಎಂದರು. ಹೌದು ಎಂದೆ. ಇನ್ನೊಮ್ಮೆ ಕೇಳಿದ್ದರೆ ನಾನು ತಪ್ಪೊಪ್ಪಿಕೊಳ್ಳುತ್ತಿದ್ದೆನೋ ಏನೋ — ಇಲ್ಲ, ಒಪ್ಪಿಕೊಳ್ಳುತ್ತಿರಲಿಲ್ಲ. ಅವರು ಮತ್ತೆ ಕೇಳಲೂ ಇಲ್ಲ. ಓದಿದ ಮಗಳು ಹೇಳಿದ್ದಾಳೆಂದರೆ ಏನೋ ಕಾರಣವಿರಬೇಕು ಎಂದುಕೊಂಡಿರಬೇಕು. ಎದ್ದು ಒಳಗೆ ಹೋಗಿ ಡೋಲು ತಂದರು. ಬೆಂಕಿಯ ಬದಿಯಲ್ಲಿ ಚರ್ಮ ಬಿಸಿಮಾಡಿದರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು, "ಎಂತ ಬಡಿಯಬೇಕು?"

ಹಬ್ಬದ ದಿನ ಅವರು ಹಾಗೆ ಯಾರನ್ನೂ ಕೇಳಿದ್ದನ್ನು ನಾನು ಕಂಡಿರಲಿಲ್ಲ. ಆದರೂ ಹೇಳಿದೆ — "ಯಾವುದಾದ್ರೂ ಬಡೀರಿ." ಅಜ್ಜನದೇ ಧಾಟಿ.

ಅವರು ಅಂಗಳದ ಅಂಚಿಗೆ ಹೋಗಿ ನಿಂತರು. ತಮ್ಮದೇ ಅಂಗಳದ ಅಂಚಿಗೆ! ಅತಿಥಿಗಳು ಫೋನು ಹಿಡಿದು ಎದ್ದರು. ಕಾಲನಿಯ ಹೆಂಗಸರು ಒಬ್ಬೊಬ್ಬರಾಗಿ ಒಳಗೆ ಹೋದರು. ಬಾಬಣ್ಣ ಬಡಿದರು, ಚೆನ್ನಾಗಿಯೇ ಬಡಿದರು, ಮುಖವನ್ನು ಮಾತ್ರ ಪಕ್ಕಕ್ಕೆ ತಿರುಗಿಸಿಕೊಂಡು. ಬೆವರು ಇಳಿಯಿತು. ನಿಲ್ಲಿಸಲಿಲ್ಲ. ಯಾಕೆ ನಿಲ್ಲಿಸುತ್ತಿಲ್ಲ ಎಂದು ನಾನು ಯೋಚಿಸಿದೆ, ಆಮೇಲೆ ಹೊಳೆಯಿತು — ಅವರು ನಾನು ಸಾಕು ಎನ್ನುವುದನ್ನು ಕಾಯುತ್ತಿದ್ದರು. ಸಾಕು ಎಂದೆ. ಅತಿಥಿಗಳಲ್ಲಿ ಒಬ್ಬಳು, ಪಾಪ, ಅವಳಿಗೆ ಏನು ಗೊತ್ತು, ಚಹಾದ ಜೊತೆ ಉಳಿದಿದ್ದ ಗೋಳಿಬಜೆಯನ್ನು ಎಲೆಯಲ್ಲಿ ಹಾಕಿ ಅವರಿಗೆ ಕೊಡಲು ಹೋದಳು. ಬಾಬಣ್ಣ ಹೆಗಲ ಬೈರಾಸು ಬಟ್ಟೆ ತೆಗೆದು ಎರಡೂ ಕೈಯಲ್ಲಿ ಹಿಡಿದು ಅದರೊಳಗೆ ಹಾಕಿಸಿಕೊಂಡರು.

ಅದನ್ನು ನೋಡಿಯೂ ನಾನು ಊಟಕ್ಕೆ ಕೂತೆ.

ವೀಡಿಯೋ ಎರಡೇ ದಿನದಲ್ಲಿ ನಿಮ್ಮ ಸಂಘದ ಹುಡುಗರ ಫೋನಿಗೆ ತಲುಪಿತು. ನೀನು ಮಣಿಪಾಲದ ನನ್ನ ಆಫೀಸಿಗೆ ಬಂದೆ. ಕೂರಲಿಲ್ಲ. "ಒಂದೇ ಮಾತು ಹೇಳು. ನೀನು ಕೇಳಿದ್ದಾ, ಅಪ್ಪ ತಾನಾಗಿ ಬಡಿದದ್ದಾ?" ಎಂದೆ. ಬಾಬಣ್ಣನಿಗೆ ಹೇಳಿದ ಸುಳ್ಳಿಗಾದರೂ ಆಸೆಯ ಕಾರಣವಿತ್ತು. ನಿನಗೆ ಹೇಳಿದ್ದು ಬರೀ ಹೆದರಿಕೆ. "ನಾನ್ಯಾಕೆ ಕೇಳ್ಲಿ? ಅವರೇ ಖುಷಿಯಲ್ಲಿ ಬಡಿದ್ರು," ಎಂದೆ ನಾನು. ನೀನು ನಂಬಿದೆ. ಒಂದೇ ಬೆಂಚಿನಲ್ಲಿ ಕೂತವಳ ಮೇಲಿನ ನಂಬಿಕೆ ಅದು.

ಆ ಭಾನುವಾರ ಕಾಲನಿಯಲ್ಲಿ ಸಭೆ ಸೇರಿತು. ನಾನೂ ಬಂದಿದ್ದೆ, ಹಿಂದಿನ ಕುರ್ಚಿಯಲ್ಲಿದ್ದೆ. ಸ್ವಂತ ಅಪ್ಪನೆಂದು ಬಿಟ್ಟರೆ ನಾಳೆ ಯಾರಿಗೆ ಬುದ್ಧಿ ಹೇಳುವುದು ಎಂದು ನೀನೇ ಎದ್ದು ಮಾತಾಡಿದೆ. "ಅಪ್ಪ ಮಾಡಿದ್ದು ತಪ್ಪು," ಎಂದೆ. ಬಾಬಣ್ಣ ನಿನ್ನನ್ನು ನೋಡಿದರು. ನೀನೇ ಹೇಳಿ ಕಳಿಸಿ, ಈಗ ಎಲ್ಲರ ಎದುರು ಹೀಗೆ ಅನ್ನುತ್ತೀಯಲ್ಲ — ಹಾಗೆ ಅವರಿಗೆ ಅನಿಸಿದ್ದೇ ಆದರೆ ಅವರು ಅದನ್ನು ತೋರಿಸಲಿಲ್ಲ. ಆಮೇಲೆ ನನ್ನನ್ನು ನೋಡಿದರು. ತುಂಬ ಹೊತ್ತು ನೋಡಿದರು. ನಾನು ಕಾಲ ಬಳಿಯ ಮಣ್ಣು ನೋಡಿದೆ. "ನನ್ನದೇ ತಪ್ಪು. ಯಾರೂ ಹೇಳ್ಲಿಲ್ಲ," ಎಂದರು ಬಾಬಣ್ಣ. ಮಗಳ ಮಾತು ಬೀಳಬಾರದೆಂದು.

ಮುಂದಿನದ್ದು ನಿನಗೆ ಗೊತ್ತು. ನೀನು ನಮ್ಮ ಪ್ರವಾಸದ ಕೆಲಸ ಬಿಟ್ಟೆ, ಉಡುಪಿಯ ಸಂತೆಕಟ್ಟೆಯಲ್ಲಿ ಬಾಡಿಗೆ ಮನೆ ಹಿಡಿದೆ, ಅಪ್ಪನ ಜೊತೆ ಮಾತು ಕಡಿಮೆ ಮಾಡಿದೆ. ನಿನಗೆ ಗೊತ್ತಿಲ್ಲದ್ದು: ಆ ವೀಡಿಯೋವನ್ನು ನಾನೂ ನನ್ನ ಪೇಜಿನಲ್ಲಿ ಹಾಕಿ, ಗಲಾಟೆಯಾದ ಮೇಲಷ್ಟೇ ತೆಗೆದದ್ದು. ಕಂಪನಿಯ ಗುಂಪುಗಳು ಬಂದವು, ನಾನು ಬೇರೆ ಊರು ಹುಡುಕಿಕೊಂಡೆ, ವ್ಯಾಪಾರ ಚೆನ್ನಾಗಿ ನಡೆಯಿತು. ಅದನ್ನೂ ಮುಚ್ಚಿಡುವುದಿಲ್ಲ.

ಬಾಬಣ್ಣ ಕಾಯಿಲೆಯಾಗಿ ಮಣಿಪಾಲದ ಆಸ್ಪತ್ರೆಯಲ್ಲಿದ್ದಾಗ ನೋಡಲು ಬಂದೆನಲ್ಲ — ನೀನು ಔಷಧಿ ತರಲು ಕೆಳಗೆ ಹೋಗಿದ್ದೆ. ಅವರು ಕಣ್ಣು ತೆರೆದು ಕೇಳಿದರು: "ಅವಳು ಹೇಳಿರ್ಲಿಲ್ಲ, ಅಲ್ವಾ?"

ಇಲ್ಲ ಎಂದು ತಲೆಯಾಡಿಸಿ ಅತ್ತುಬಿಟ್ಟೆ. ಅವರು ಬೈಯಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. "ನೀವೇ ಅವಳಿಗೆ ಹೇಳಿ. ನಾನು ಹೇಳಿದ್ರೆ ತಪ್ಪಿಸಿಕೊಳ್ಳಲಿಕ್ಕೆ ಹೇಳಿದ ಹಾಗೆ ಆಗ್ತದೆ," ಎಂದರು. ಹೇಳುತ್ತೇನೆ ಬಾಬಣ್ಣ ಎಂದು ಅವರ ಕೈ ಮುಟ್ಟಿ ಮಾತು ಕೊಟ್ಟೆ. ಅಷ್ಟರಲ್ಲಿ ನೀನು ಬಂದೆ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ನಾನು, ಆಫೀಸಿನಲ್ಲಿ ಜನ ಕಾಯುತ್ತಿದ್ದಾರೆ ಎಂದು ಹೊರಟೆ. ಅದೇ ವಾರ ಅವರು ತೀರಿಕೊಂಡರು. ಮಗಳಿಗೆ ಸತ್ಯ ತಿಳಿಯುವುದನ್ನು ಕಾಯುತ್ತಲೇ ಹೋದರು, ಸುಶೀಲಾ.

ಹೆಣದ ಎದುರು ಹೇಗೆ ಹೇಳುವುದು ಎಂದುಕೊಂಡೆ. ಆಮೇಲೆ, ದುಃಖ ಸ್ವಲ್ಪ ಆರಲಿ ಎಂದುಕೊಂಡೆ. ಆರಿದ ಮೇಲೆ, ಈಗ ಯಾಕೆ ಕೆದಕುವುದು ಎಂದುಕೊಂಡೆ. ಹೇಡಿಗೆ ಪಂಚಾಂಗದಲ್ಲಿ ಒಳ್ಳೆಯ ದಿನವೇ ಇರುವುದಿಲ್ಲ.

ಕಳೆದ ತಿಂಗಳು ಉಡುಪಿಯ ಸಭಾಂಗಣದಲ್ಲಿ ನೀನು ಕಾಲೇಜಿನ ಮಕ್ಕಳಿಗೆ ಮಾತಾಡಿದೆಯಲ್ಲ, ಹಿಂದೆ ಕೂತಿದ್ದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ನೀನು ಡೋಲು ಎಂದ ಕೂಡಲೇ ನಾನು ಬಾಗಿಲ ಕಡೆ ನೋಡಿದೆ. ಆದರೆ ನೀನು ಹೇಳಿದ್ದು ನನ್ನ ಬಗ್ಗೆ ಅಲ್ಲ. "ಗುಲಾಮಗಿರಿ ಎಷ್ಟು ಆಳಕ್ಕೆ ಇಳಿದಿರುತ್ತದೆ ಎಂದರೆ, ಅದನ್ನು ಬಿಡಿಸಿದ ನನ್ನ ಅಪ್ಪನೇ ಹೊರಗಿನವರ ಎದುರು ತಾನಾಗಿ, ಖುಷಿಯಿಂದ ಡೋಲು ಬಡಿದರು," ಎಂದೆ. ಮಕ್ಕಳು ಅದನ್ನು ಬರೆದುಕೊಂಡರು. ಬಾಬಣ್ಣ ಒಂದು ಪಾಠವಾಗಿಬಿಟ್ಟಿದ್ದಾರೆ. ನಾನು ಹೇಳಿದ ಸುಳ್ಳು ನಿನ್ನ ಬಾಯಿಯಿಂದ, ಊರೂರಿಗೆ.

ಮುಂದಿನ ಭಾನುವಾರ ನಿಮ್ಮ ಕಾಲನಿಯಲ್ಲಿ ಸಭೆಯಿದೆಯೆಂದು ಕೇಳಿದೆ. ಬರುತ್ತೇನೆ. ಕರೆಯದಿದ್ದರೂ ಬರುತ್ತೇನೆ, ಹೊರಗೆ ನಿಲ್ಲು ಎಂದರೆ ಹೊರಗೆ ನಿಂತೇ ಹೇಳುತ್ತೇನೆ. ನೀನು ಕ್ಷಮಿಸಬೇಕೆಂದು ಅಲ್ಲ. ಅಪ್ಪನ ಜೊತೆ ಸರಿಯಾಗಿ ಮಾತಿಲ್ಲದೆ ಕಳೆದ ದಿನಗಳನ್ನು ನಿನಗೆ ಹಿಂದಿರುಗಿಸಲು ನನ್ನಿಂದ ಆಗುವುದಿಲ್ಲ, ಅದಾಗದ ಮೇಲೆ ಕ್ಷಮೆ ಕೇಳುವುದೂ ಒಂದು ಬೇಡಿಕೆಯೇ.

ಒಂದನ್ನು ಮಾತ್ರ ಕೇಳುತ್ತೇನೆ. ಆ ಕತೆಯನ್ನು ಮಕ್ಕಳಿಗೆ ಹೇಳುವುದನ್ನು ಬಿಡಬೇಡ. ಆದರೆ ಅದರಿಂದ ನಿನ್ನ ಅಪ್ಪನ ಹೆಸರನ್ನು ತೆಗೆದು, ಅಲ್ಲಿ ನನ್ನ ಹೆಸರು ಹೇಳು.