ಮಾವನ ಮುಂದಿನ ಹಲ್ಲು

ನಮ್ಮ ಸೋದರಮಾವ ಹೊಸೂರಿನ ಹತ್ತಿರದ ತಳಿ ಊರಿನ ಸೀಮೆಯ ಮದುವೆಗಳಲ್ಲಿ ಓಲಗ ಊದುತ್ತಿದ್ದ. ನಾನು ಪಕ್ಕದಲ್ಲಿ ಕೂತು ಡೋಲು ಬಾರಿಸುತ್ತಿದ್ದೆ. ಹಾಗಾಗಿ ಅವನ ಮೇಲಿನ ಸಾಲಿನ ಮುಂದಿನ ಹಲ್ಲನ್ನು ನನ್ನಷ್ಟು ಹತ್ತಿರದಿಂದ ಅತ್ತೆಯೂ ನೋಡಿರಲಾರಳು. ನೋಡಿಯೂ ಕಾಣದೆ ಹೋದವನು ನಾನೇ.

ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು. ಸೂಳಗಿರಿಯಲ್ಲಿ ಮದುವೆ ಮುಗಿಸಿ ಬರುವಾಗ ಬಸ್ಸು ಗಕ್ಕನೆ ನಿಂತು, ಮಾವನ ಬಾಯಿ ಮುಂದಿನ ಸೀಟಿನ ಕಂಬಿಗೆ ಬಡಿಯಿತು. ಎರಡೂ ಕೈಯಲ್ಲಿ ನಾಗಸ್ವರ ತಬ್ಬಿಕೊಂಡಿದ್ದ. ವಾದ್ಯ ಉಳಿಯಿತು, ಹಲ್ಲೂ ಉಳಿಯಿತು ಅಂದುಕೊಂಡೆವು.

ಎರಡು ವರ್ಷವಾದ ಮೇಲೆ ಬಿಸಿ ಕಾಫಿ ಕುಡಿದಾಗಲೆಲ್ಲ ಲೋಟ ಕೆಳಗಿಟ್ಟು ಬಾಯಿ ಹಿಡಿದುಕೊಳ್ಳತೊಡಗಿದ. ಕಾಫಿ ಗಂಟಲಿಳಿದು ಎಷ್ಟೋ ಹೊತ್ತಾದರೂ ನೋವು ಇಳಿಯುತ್ತಿರಲಿಲ್ಲ. ಲವಂಗ ಇಟ್ಟದ್ದಾಯಿತು, ಉಪ್ಪುನೀರು ಮುಕ್ಕಳಿಸಿದ್ದಾಯಿತು. ಮುದ್ದೆ ನುಂಗುವ ಬಾಯಿಗೆ ಹಲ್ಲಿನ ಚಿಂತೆ ಯಾಕೆ ಎಂದು ಅತ್ತೆ ರೇಗಿಸುತ್ತಿದ್ದಳು. ಅದೂ ನಿಜವೇ. ನಮ್ಮಲ್ಲಿ ಮುದ್ದೆಯನ್ನು ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗುತ್ತೇವೆ. ಹಲ್ಲು ಕೆಟ್ಟರೂ ಊಟ ನಿಲ್ಲುವುದಿಲ್ಲ. ಊಟ ನಿಲ್ಲದಿದ್ದರೆ ನಮಗದು ಕಾಯಿಲೆಯೇ ಅಲ್ಲ.

ಕೊನೆಗೆ ಹೊಸೂರಿನ ಹಲ್ಲಿನ ಡಾಕ್ಟರ ಹತ್ತಿರ ಹೋಗುವುದೆಂದು ದಿನ ಗೊತ್ತುಮಾಡಿದೆವು. ಎಲ್ಲ ಉಷ್ಣದ ಆಟ ಎಂದು ಅತ್ತೆ ಹಿಂದಿನ ಸಂಜೆ ಅವನ ನೆತ್ತಿಗೆ ಹರಳೆಣ್ಣೆ ತಟ್ಟಿದಳು. ಬೆಳಿಗ್ಗೆ ಬಸ್ಸಿಗೆ ನಿಂತಾಗ ಮಾವ ನಗುತ್ತಿದ್ದ.

"ನೋವು ಪೂರ್ತಿ ಹೋಗ್ಬುಟ್ತು ಕಣ್ಲಾ. ಬಿಸಿ ಕಾಫಿ ಕುಡಿದೆ, ಏನೂ ಇಲ್ಲ."

"ಹಂಗಾರೆ ಬುಡು ಮಾವ, ವಾಸಿಯಾಗೈತೆ," ಎಂದೆ. ಬಸ್ಸು ಬಂತು, ಹೋಯಿತು. ನಾವು ಹತ್ತಲಿಲ್ಲ.

ಆಮೇಲೆ ಹಲ್ಲು ಬರಬರುತ್ತ ಬೂದಿ ಬಣ್ಣಕ್ಕೆ ತಿರುಗಿತು. ಎಲೆಯಡಿಕೆಯ ಕರೆ ಅಂದುಕೊಂಡೆವು. ಮೇಲಿನ ಒಸಡಿನಲ್ಲಿ ಸಾಸಿವೆಯಷ್ಟು ಗುಳ್ಳೆ ಏಳುತ್ತಿತ್ತು, ಒಡೆದು ಬಾಯೆಲ್ಲ ಕೆಟ್ಟ ರುಚಿಯಾಗುತ್ತಿತ್ತು, ಮಾಯುತ್ತಿತ್ತು, ಮತ್ತೆ ಏಳುತ್ತಿತ್ತು. ಅದಕ್ಕೂ ಹರಳೆಣ್ಣೆ, ಮಜ್ಜಿಗೆ, ಅಂಬಲಿ. ಹೀಗೇ ಮೂರು ವರ್ಷ. ಒಂದು ಮದುವೆಯಲ್ಲಿ ನಾಗಸ್ವರದ ತುದಿಯ ಪೀಪಿ ತುಟಿಗಿಟ್ಟಾಗ ಹಲ್ಲು ಒಳಕ್ಕೆ ವಾಲಿತು. ಆಗ ಹೊಸೂರಿಗೆ ಓಡಿದೆವು.

ಡಾಕ್ಟರು ಕೃಷ್ಣಗಿರಿ ಕಡೆಯ ಹೆಣ್ಣುಮಗಳು, ತಮಿಳು ಬೆರೆತ ಕನ್ನಡ. ತಣ್ಣಗಿನ ಹತ್ತಿಯನ್ನು ಬೇರೆ ಹಲ್ಲಿಗೆ ಮುಟ್ಟಿಸಿದಾಗ ಮಾವ ಬೆಚ್ಚಿದ. ಬೂದಿ ಹಲ್ಲಿಗೆ ಮುಟ್ಟಿಸಿದಾಗ ಸುಮ್ಮನಿದ್ದ.

"ಇದು ಗಟ್ಟಿ ಹಲ್ಲು ಕಣಮ್ಮ, ನೋವೇ ಇಲ್ಲ," ಎಂದ, ಹೆಮ್ಮೆಯಿಂದಲೇ.

"ನೋವಿಲ್ಲದ್ದೇ ತೊಂದ್ರೆ ಅಯ್ಯಾ. ಒಳಗಿನ ನರ ಸತ್ತು ವರ್ಷಗಳಾಯ್ತು."

ಬಿಸಿ ತಾಗಿ ನೋವು ಹೊತ್ತುಗಟ್ಟಲೆ ನಿಂತಾಗಲೇ ಬಂದಿದ್ದರೆ, ಗುಳ್ಳೆ ಮೊದಲ ಸಲ ಎದ್ದಾಗಲಾದರೂ ಬಂದಿದ್ದರೆ, ಬೇರಿನ ಒಳಗನ್ನು ಶುಚಿಮಾಡಿ ಮುಚ್ಚಬಹುದಿತ್ತು, ಹಲ್ಲು ನಿಲ್ಲುತ್ತಿತ್ತು ಎಂದರು. ಈಗ ಬೇರಿನ ಸುತ್ತಲ ಮೂಳೆ ಕರಗಿದೆ, ಪಕ್ಕದ ಹಲ್ಲೂ ಅಲ್ಲಾಡುತ್ತಿದೆ. ಎರಡನ್ನೂ ತೆಗೆಯಬೇಕು.

ಮಾವ ಒಂದೇ ಮಾತು ಕೇಳಿದ. "ಊದಕ್ಕಾಯ್ತದಾ ತಾಯಿ?"

 

ತೆಗೆದು ಹಾಕಿಕೊಳ್ಳುವ ಹಲ್ಲು ಕಟ್ಟಿಸಿದೆವು. ಮಾತಿಗೆ, ನಗುವಿಗೆ ಸರಿಯಾಯಿತು. ಪೀಪಿ ಇಟ್ಟು ಉಸಿರು ಬಿಗಿದರೆ ಜಾರುತ್ತಿತ್ತು, ಸ್ವರದ ಬದಲು ಗಾಳಿ ಬರುತ್ತಿತ್ತು. ಒಂದು ವರ್ಷ ಹಿತ್ತಿಲಲ್ಲಿ ಒಬ್ಬನೇ ನಿಂತು ಊದಿ ನೋಡಿದ. ಆಮೇಲೆ ಕೆಲಮಂಗಲದಿಂದ ಬೇರೊಬ್ಬರನ್ನು ಕರೆಸಿಕೊಂಡೆವು. ಮಾವ ಹಿಂದೆ ಕೂತು ಶ್ರುತಿಪೆಟ್ಟಿಗೆ ಒತ್ತತೊಡಗಿದ.

ತಾಳಿ ಕಟ್ಟುವ ಹೊತ್ತಿಗೆ ಗಟ್ಟಿಮೇಳ ಎದ್ದರೆ ಅವನ ತುಟಿ ತಾನಾಗಿ ಕೂಡಿಕೊಂಡು ಮುಂದಕ್ಕೆ ಬರುತ್ತಿತ್ತು. ನಾನು ತಲೆ ಬಗ್ಗಿಸಿ ಡೋಲು ಬಾರಿಸುತ್ತಿದ್ದೆ.