ಮಾವನವರ ಎಡಗೈ ಮತ್ತು ಡಿಜಿಟಲ್ ಪಿಯಾನೋ

ಗೆಳೆಯರೇ, ಇವತ್ತು ಬೈಲಹೊಂಗಲದ ನಮ್ಮ ಮನೆಯಲ್ಲಿ ಜಗಳ ತೆಗೆದದ್ದು ಮಾವನವರ ಎಡಗೈ.

ಅವರು ನಲವತ್ತು ವರ್ಷ ಭಜನೆಗೆ ಹಾರ್ಮೋನಿಯಂ ನುಡಿಸಿದವರು. ನಾನು ತರಿಸಿದ ಡಿಜಿಟಲ್ ಪಿಯಾನೋ ಮುಂದೆ ಕುಳಿತು ಬಲಗೈಯನ್ನು ಕೀಗಳ ಮೇಲಿಟ್ಟರು. ಎಡಗೈ ಪಿಯಾನೋದ ಹಿಂದೆ ಹೋಗಿ, ಹಾರ್ಮೋನಿಯಂಗಿರುವಂಥ ಗಾಳಿ ಹಾಕುವ ಹಲಗೆಯನ್ನು ಹುಡುಕತೊಡಗಿತು.

"ಮಾವಾರ, ಇದಕ್ಕ ಗಾಳಿ ಬ್ಯಾಡ್ರಿ. ಖರೇ ಪಿಯಾನೋದ ಧ್ವನಿ ರೆಕಾರ್ಡ್ ಮಾಡಿ ಇದರಾಗ ಇಟ್ಟಾರ."

"ಉಸರ ಇಲ್ಲದ್ದು ಎಂಥಾ ವಾದ್ಯ ಯವ್ವಾ? ಮೊಬೈಲಿನ್ಯಾಗ ಹಾಡು ಕೇಳಿದಂಗಾತು. ವಾಪಸ್ ಕಳಸು!"

ನನಗೂ ಸಿಟ್ಟು ಬಂತು. "ಒಂದ ಕೀ ಮೊದಲ ಮೆತ್ತಗ ಒತ್ರಿ, ಆಮ್ಯಾಲೆ ಜೋರ್ ಒತ್ರಿ" ಎಂದೆ.

ಒತ್ತಿದರು. ಮೊದಲು ಪಿಸುಮಾತು, ಆಮೇಲೆ ಗುಡುಗು. ಒಂದೊಂದು ಸ್ವರವನ್ನೂ ಮೆಲ್ಲಗೆ, ಜೋರಾಗಿ ನುಡಿಸಿ ಬೇರೆ ಬೇರೆಯಾಗಿ ಹಿಡಿದಿಟ್ಟಿದ್ದಾರೆ, ಬೆರಳಿನ ವೇಗ ಅಳೆದು ಅದಕ್ಕೆ ತಕ್ಕ ಧ್ವನಿ ಬರುತ್ತದೆ ಎಂದು ವಿವರಿಸಿದೆ. ಹಾರ್ಮೋನಿಯಂನಲ್ಲಿ ಆ ಏರಿಳಿತವೆಲ್ಲ ಗಾಳಿ ಹಾಕುವ ಎಡಗೈಯ ಕೆಲಸ.

"ಹಂಗಾರ ಎಡಗೈಗೆ ಕೆಲಸಾನ ಇಲ್ಲೇನು?"

"ಅದೂ ನುಡಸಬೇಕ್ರಿ."

ಅಷ್ಟೇ, ವಾಪಸ್ ಕಳಿಸುವ ಮಾತು ನಿಂತಿತು. ಎಪ್ಪತ್ತೆರಡರ ಮಾವನವರು ಮಧ್ಯಾಹ್ನದಿಂದ ಎಡಗೈಯಲ್ಲಿ ಸರಿಗಮ ತಿದ್ದುತ್ತಿದ್ದಾರೆ. ಈಗಷ್ಟೇ ಊಟಕ್ಕೆ ಕರೆದೆ.

"ತಾಟು ಇಲ್ಲೇ ತಾ ಯವ್ವಾ. ಬಲಗೈ ಉಣ್ಣಲಿ, ಎಡಗೈ ಇನ್ನೂ ಸಾಲ್ಯಾಗ ಪಾಠ ಕಲಿಯಾಕತ್ತೈತಿ."