ಹುಳುಗಳಿಗೆ ಬೆಳ್ಳುಳ್ಳಿ ಆಗದಿದ್ದ ಎಂಟು ದಿನ

ಮಾನ್ಯ ಓದುಗರ ಸನ್ನಿಧಾನದಲ್ಲಿ ಅರಿಕೆ. ನನ್ನ ಅಕ್ಷರ ದುಂಡಗಿಲ್ಲ. ಒತ್ತಕ್ಷರಗಳು ಬೇಕಾದ ಕಡೆ ಇಲ್ಲದೆ ಬೇಡದ ಕಡೆ ಜೋತುಬಿದ್ದಿರುವ ಸಂಭವವುಂಟು. ಮುಂಚಿತವಾಗಿಯೇ ಕ್ಷಮೆ ಬೇಡುತ್ತೇನೆ. ಈವರೆಗೆ ಅಚ್ಚಿಗೆಂದು ನಾನು ಒಂದು ಸಾಲನ್ನೂ ಬರೆದವಳಲ್ಲ. ನಮ್ಮ ತಂದೆಯವರು ಶಿಡ್ಲಘಟ್ಟದ ತಾಲ್ಲೂಕು ಕಚೇರಿಯ ಎದುರು ಹೊಂಗೆ ಮರದ ಕೆಳಗೆ ಕುಳಿತು ಜನರಿಗೆ ಅರ್ಜಿ ಬರೆದುಕೊಡುತ್ತಿದ್ದರು. ಅವರು ಕೆಟ್ಟಿತೆಂದು ಮನೆಗೆ ತಂದ ಕರಡು ಕಾಗದಗಳನ್ನು ಓದಿಯೇ ನಾನು ಬರವಣಿಗೆ ಕಲಿತೆ. ಆದಕಾರಣ ‘ಸದರಿ’, ‘ಮೇಲ್ಕಂಡ’ ಮುಂತಾದ ಮಾತುಗಳು ನನ್ನ ಬರಹದಲ್ಲಿ ಕರೆಯದೆಯೇ ಬಂದು ಕೂರುತ್ತವೆ. ಎಬ್ಬಿಸಿ ಕಳಿಸಲು ನನ್ನಿಂದ ಆಗದು.

ವಿಷಯ: ಐವತ್ತರ ದಶಕದ ಕೊನೆಯಲ್ಲಿ ನನ್ನ ಚೊಚ್ಚಲ ಮಗನು ಎದೆಹಾಲು ಕುಡಿಯುವಾಗ ಮಾಡುತ್ತಿದ್ದ ರಂಪಾಟ ಹಾಗೂ ಅದರ ಕಾರಣ ತಿಳಿದುಬಂದ ಬಗೆ.

ಸದರಿ ಶಿಶುವಿಗೆ ಆಗ ಎರಡು ತಿಂಗಳು. ಬಾಣಂತನಕ್ಕೆಂದು ನಾನು ತವರಿನಲ್ಲಿದ್ದೆ. ಮಗುವು ಹಾಲಿಗೆ ಬಾಯಿ ಹಾಕಿದೊಡನೆ ಮೂರು ಗುಟುಕು ನುಂಗುತ್ತಿತ್ತು. ನಾಲ್ಕನೆಯದಕ್ಕೆ ಕೆಮ್ಮಿ, ಬೆನ್ನನ್ನು ಬಿಲ್ಲಿನಂತೆ ಬಾಗಿಸಿ, ಎರಡು ಮುಷ್ಟಿಗಳಿಂದ ನನ್ನನ್ನು ತಳ್ಳಿ, ಬೀದಿಯ ಕೊನೆಗೆ ಕೇಳುವಂತೆ ಕಿರುಚುತ್ತಿತ್ತು. ಕಿರುಚಿ ಮುಗಿದ ಮೇಲೆ ಏನೂ ಆಗಿಲ್ಲವೆಂಬಂತೆ ಬಾಯಿ ತೆರೆದು ಮತ್ತೆ ಹುಡುಕುತ್ತಿತ್ತು. ಕೊಟ್ಟರೆ ಪುನಃ ಮೂರು ಗುಟುಕು, ಪುನಃ ಮುಷ್ಟಿ.

“ಹಾಲು ಸಾಲ್ತಿಲ್ಲ ಕಣೇ,” ಎಂದು ನಮ್ಮ ತಾಯಿಯವರು ತೀರ್ಮಾನಿಸಿದರು. ಅಂದಿನಿಂದ ನನ್ನ ತಟ್ಟೆಯಲ್ಲಿ ತುಪ್ಪದಲ್ಲಿ ಹುರಿದ ಬೆಳ್ಳುಳ್ಳಿ ಎರಡು ಪಟ್ಟಾಯಿತು. ಅದರ ಜೊತೆಗೆ ಸಬ್ಬಸಿಗೆ ಸೊಪ್ಪು, ಮೆಂತ್ಯದ ಗಂಜಿ, ಹತ್ತಿಬೀಜ ರುಬ್ಬಿ ಬೆಲ್ಲ ಹಾಕಿ ಕಾಯಿಸಿದ ಹಾಲು. ಮಗುವಿನ ಕೂಗು ಹೆಚ್ಚಿತು. ಕೂಗು ಹೆಚ್ಚಿದಷ್ಟೂ ಬೆಳ್ಳುಳ್ಳಿ ಹೆಚ್ಚಿತು. ಕೊನೆಗೆ ನಾನು ಬಾಯಿ ತೆರೆದರೆ ತಂದೆಯವರು ಮಾತು ಕೇಳಿಸಿಕೊಳ್ಳುವ ಮೊದಲೇ ಎರಡು ಹೆಜ್ಜೆ ಹಿಂದೆ ಸರಿದು ನಿಲ್ಲತೊಡಗಿದರು.

ಹೀಗಿರುವಲ್ಲಿ ಗೌರಿಬಿದನೂರಿನಿಂದ ಕಾರ್ಡು ಬಂತು. ನಮ್ಮ ಯಜಮಾನರು ಅಲ್ಲಿ ಮೇಷ್ಟರು. ಕಾರ್ಡಿನ ಒಕ್ಕಣೆ ಅವರದು, ಮಾತು ನಮ್ಮ ಅತ್ತೆಯವರದು. ಮಗು ಹಾಲು ಕುಡಿಯದಿರುವುದು ತಿಳಿಯಿತು, ಇನ್ನು ಹತ್ತು ದಿನಕ್ಕೆ ಬರುತ್ತೇನೆ, ಹಾಲಿನ ಪುಡಿಯ ಡಬ್ಬಿಯನ್ನು ಜೊತೆಗೆ ತರುತ್ತೇನೆ, ಬಂದ ದಿನವೇ ಶುರುಮಾಡೋಣ ಎಂದಿತ್ತು.

ಆ ಡಬ್ಬಿಯ ಬಗ್ಗೆ ನನಗಿದ್ದ ಭಯವನ್ನು ಇಲ್ಲಿ ದಾಖಲಿಸುವುದು ಅವಶ್ಯ. ಅದರ ಮುಚ್ಚಳ ಒಮ್ಮೆ ತೆರೆದರೆ ‘ಹಾಲಿಲ್ಲದ ಸೊಸೆ’ ಎಂಬ ಹೆಸರು ಗಂಡನ ಮನೆಯಲ್ಲಿ ಕಾಯಂ ಆಗುವುದು ಖಂಡಿತ. ಅದಕ್ಕಿಂತ ದೊಡ್ಡ ಸಂಕಟವನ್ನು ಯಾರಿಗೂ ಹೇಳಿರಲಿಲ್ಲ. ಆ ಪುಟ್ಟ ಮುಷ್ಟಿಗಳು ನನ್ನನ್ನು ತಳ್ಳುವಾಗಲೆಲ್ಲ, ಈ ಮಗುವಿಗೆ ನಾನೇ ಬೇಡವಾಗಿದ್ದೇನೆಂದು ನಂಬಿದ್ದೆ. ಹತ್ತೊಂಬತ್ತು ವರ್ಷದವಳಿಗೆ ಅಷ್ಟೇ ಬುದ್ಧಿ.

ಇಷ್ಟರಲ್ಲಿ ನಡುಮನೆಯ ರೇಷ್ಮೆ ಹುಳುಗಳು ನಾಲ್ಕನೆಯ ಜ್ವರದಿಂದ ಎದ್ದವು. ಹುಳು ಮೇವು ಬಿಟ್ಟು ಪೊರೆ ಕಳಚುವುದನ್ನು ನಮ್ಮ ಕಡೆ ಜ್ವರ ಎನ್ನುತ್ತೇವೆ. ನಾಲ್ಕನೆಯದು ಕೊನೆಯದು. ಅದಾದ ಮೇಲೆ ಗೂಡು ಕಟ್ಟುವವರೆಗಿನ ಸುಮಾರು ಎಂಟು ದಿನ ಮನೆಯಲ್ಲಿ ಹುಳುಗಳದೇ ದರ್ಬಾರು. ಘಾಟು ವಾಸನೆ ಆಗದು. ಒಗ್ಗರಣೆ ಇಲ್ಲ, ಬೀಡಿ ಇಲ್ಲ, ಸಾಂಬ್ರಾಣಿ ಇಲ್ಲ. ತಂದೆಯವರು ನಶ್ಯವನ್ನು ಸಹ ಬೀದಿಯಲ್ಲಿ ನಿಂತು ಏರಿಸಬೇಕಿತ್ತು. ನನ್ನ ಕೋಣೆಯೋ ನಡುಮನೆಗೆ ಅಂಟಿಕೊಂಡೇ ಇತ್ತು.

ತಾಯಿಯವರು ಒಂದು ಬೆಳಗ್ಗೆಯೆಲ್ಲ ಯೋಚಿಸಿದರು. ಆಮೇಲೆ ಬೆಳ್ಳುಳ್ಳಿಯ ಬುಟ್ಟಿಯನ್ನು ಎತ್ತಿ ಹಿತ್ತಲ ಕೊಟ್ಟಿಗೆಗೆ ಸಾಗಿಸಿದರು.

“ಎಂಟೇ ದಿನ ತಡ್ಕೊಳ್ಳಮ್ಮಾ.”

“ಅಮ್ಮಾ, ನಿನಗೆ ಮೊಮ್ಮಗ ಹೆಚ್ಚೋ ಹುಳ ಹೆಚ್ಚೋ?”

“ಹುಳಕ್ಕೆ ಬಾಯಿಲ್ಲ ಕಣೇ, ಪಾಪ, ಸುಮ್ನೆ ಸತ್ತೋಗ್ತವೆ. ನಿನ್ನ ಮಗ ಹಂಗಾ? ಚಿಂತಾಮಣೀಲಿ ಇರೋರ್ನೂ ಕೂಗಿ ಕರೀತಾನೆ!”

ಹತ್ತಿಬೀಜದ ಹಾಲು, ಸಬ್ಬಸಿಗೆ, ಮೆಂತ್ಯ ಎಲ್ಲವೂ ಸ್ಥಗಿತಗೊಂಡವು. ಮುದ್ದೆ, ಬೇಳೆ ಬೇಯಿಸಿದ ಸಪ್ಪೆ ಸಾರು, ಇಷ್ಟೇ ನನ್ನ ಪಥ್ಯ.

ಮೂರನೆಯ ದಿನ ಮಧ್ಯಾಹ್ನ ಮಗು ಹಾಲಿಗೆ ಬಾಯಿ ಹಾಕಿತು. ಮೂರು ಗುಟುಕಾಯಿತು. ನಾನು ಕಣ್ಣು ಮುಚ್ಚಿ ಮುಷ್ಟಿಗಾಗಿ ಕಾದೆ. ನಾಲ್ಕು, ಐದು, ಹತ್ತು. ಕಣ್ಣು ಬಿಟ್ಟು ನೋಡಿದರೆ ಆಸಾಮಿಯು ನನ್ನ ತಾಳಿಯನ್ನು ಹಿಡಿದುಕೊಂಡು, ಜಮೀನ್ದಾರನಂತೆ ಅರೆಗಣ್ಣು ಮುಚ್ಚಿ, ಸಾವಕಾಶವಾಗಿ ಕುಡಿಯುತ್ತಿದ್ದಾನೆ. ನಡುಮನೆಯಲ್ಲಿ ಹುಳುಗಳು ಹಿಪ್ಪುನೇರಳೆ ಸೊಪ್ಪು ಮೇಯುವ ಸರಸರ ಸದ್ದು, ಕೋಣೆಯಲ್ಲಿ ಇವನು ಗುಟುಕಿಸುವ ಸದ್ದು. ಬೇರೆ ಸದ್ದಿಲ್ಲದೆ ಮನೆಗೆ ಮನೆಯೇ ಗಾಬರಿಯಾಯಿತು. ಮಗುವಿಗೆ ಏನಾಯಿತೋ ಎಂದು ತಾಯಿಯವರು ಸೊಪ್ಪಿನ ಮಂಕರಿ ಬಿಸಾಡಿ ಓಡಿಬಂದರು.

ಎಂಟನೆಯ ದಿನದವರೆಗೂ ಇದೇ ಶಾಂತಿ. ಅಂದು ಹುಳುಗಳು ಹಣ್ಣಾಗಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆ ತಟ್ಟೆ ಏರಿದವು. ತಾಯಿಯವರು ಸಂತೋಷದಿಂದ ಎಂಟು ದಿನದ ಬಾಕಿ ಬೆಳ್ಳುಳ್ಳಿಯನ್ನೆಲ್ಲ ಒಂದೇ ಬಾಣಲೆಗೆ ಸುರಿದರು. ಬೇಡವೆಂದು ನಾನು ಹೇಳುವಷ್ಟರಲ್ಲಿ ತುತ್ತು ಬಾಯಿಯಲ್ಲಿತ್ತು. ಮರುದಿನ ಬೆಳಗ್ಗೆ ಮಗನ ಮೂಗಿನಿಂದ ಹಾಲು, ಬಾಯಿಂದ ಕೂಗು. ಆಗ ನನಗೆ ಹೊಳೆಯಿತು. ಹಾಲು ಕಡಿಮೆಯಾಗಿದ್ದರೆ ಮೂಗಿನಲ್ಲಿ ಬರುವುದೇಕೆ?

ಆದರೆ ಅತ್ತೆಯವರು ಬರುವುದು ಮಾರನೆಯ ದಿನವೇ. ಅವರೆದುರು ಇಂಥ ಮಾತಾಡುವ ಧೈರ್ಯ ನನಗಿರಲಿಲ್ಲ. ನನಗೆ ತಿಳಿದಿದ್ದ ಮಾರ್ಗ ಒಂದೇ. ತಂದೆಯವರಲ್ಲಿ ಹೋಗಿ, ಅತ್ತೆಯವರಿಗೆ ಒಂದು ಅರ್ಜಿ ಬರೆಯಬೇಕೆಂದೆ. ಅವರು ಕನ್ನಡಕ ಏರಿಸಿದರು.

“ಅರ್ಜೀಲಿ ಅಳಬಾರದು ಕಣಮ್ಮಾ. ಏನಾಯ್ತು, ಏನು ಬೇಕು, ಅಷ್ಟೇ.”

ನಾನು ಬರೆಯುತ್ತಾ ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಅವರ ಕಿವಿ ಕೆಂಪಾಯಿತು. “‘ಎದೆ’ ಅಂತೆಲ್ಲ ಬೇಡಮ್ಮಾ. ನಾಲ್ಕು ಜನರೆದುರು ಓದೋದು. ‘ಸ್ಥಳ’ ಅಂತ ಬರಿ.”

ಅತ್ತೆಯವರು ಮಧ್ಯಾಹ್ನದ ಬಸ್ಸಿಗೆ ಬಂದಿಳಿದರು. ಕಂಕುಳಲ್ಲಿ ಡಬ್ಬಿ. ಕೈಕಾಲು ತೊಳೆದು ನೇರ ನನ್ನ ಕೋಣೆಗೆ ಬಂದು, ಡಬ್ಬಿಯನ್ನು ಕಾಣುವಂತೆ ಎದುರಿಗಿಟ್ಟುಕೊಂಡು ಕುಳಿತರು. ಅವರಿಗೆ ಓದು ಬಾರದು. ಗಂಡಸರು ಒಳಗೆ ಬರುವಂತಿಲ್ಲ. ಆದಕಾರಣ ತಂದೆಯವರು ಬಾಗಿಲ ಪರದೆಯ ಆಚೆ ನಿಂತು, ಅಮಲ್ದಾರರ ಮುಂದೆ ಓದುವ ಗಂಟಲಿನಲ್ಲಿ ಅರ್ಜಿ ಓದತೊಡಗಿದರು.

“ಗೌರವಾನ್ವಿತ ಅತ್ತೆಯವರ ಸನ್ನಿಧಾನಕ್ಕೆ ಸೊಸೆಯ ಅರಿಕೆ. ಸದರಿ ಶಿಶುವು ಸದರಿ ಸ್ಥಳಕ್ಕೆ ಬಾಯಿ ಹಾಕಿದ ಕೂಡಲೇ...”

“ಯಾವ ಸ್ಥಳ ಬೀಗಪ್ಪಾ?” ಎಂದು ಅತ್ತೆಯವರು ಒಳಗಿನಿಂದ ಕೇಳಿದರು. ಪರದೆಯ ಆಚೆ ಕೆಮ್ಮು ಕೇಳಿಸಿತು.

ಮಗು ಹಸಿದಿತ್ತು. ನಾನು ಸೆರಗು ಮುಚ್ಚಿ ಹಾಲಿಗೆ ಹಾಕಿಕೊಂಡೆ.

“ಮೂರು ಗುಟುಕು ನುಂಗಿದ ತರುವಾಯ...” ಇಲ್ಲಿ ಮೂರು ಗುಟುಕಾಯಿತು. “...ಕೆಮ್ಮಿ...” ಇಲ್ಲಿ ಕೆಮ್ಮಿತು. “...ಮುಖವನ್ನು ಥಟ್ಟನೆ ಹಿಂದಕ್ಕೆ ಎಳೆದುಕೊಳ್ಳುವುದರಿಂದ, ಹಾಲು ಕಡಿಮೆಯಾಗಿರದೆ ಅಧಿಕವಾಗಿರುವಂತೆ ಕಂಡುಬರುತ್ತದೆ. ಡಬ್ಬಿ ತೆರೆಯುವ ಮುನ್ನ ತಾವು ಖುದ್ದಾಗಿ ಸ್ಥಳ ತನಿಖೆ...”

ಮಗನು ಮುಖ ಎಳೆದುಕೊಂಡ ರಭಸಕ್ಕೆ ಸೆರಗು ಜಾರಿತು. ಹಾಲು ಚಿಮ್ಮಿ, ಕೋಣೆಯ ಮಧ್ಯೆ ಕಮಾನು ಕಟ್ಟಿ, ಮೊದಲು ಅತ್ತೆಯವರ ಹಣೆಯ ಕುಂಕುಮದ ಮೇಲೆ, ನಂತರ ಡಬ್ಬಿಯ ಮುಚ್ಚಳದ ಮೇಲೆ ಟಪಟಪನೆ ಬಿತ್ತು. ನನಗೆ ಅಲ್ಲೇ ಭೂಮಿ ಬಾಯಿ ತೆರೆಯಬಾರದೇ ಅನಿಸಿತು.

ಅತ್ತೆಯವರು ಅಲುಗಾಡಲಿಲ್ಲ. ಕುಂಕುಮ ಕರಗಿ ಮೂಗಿನ ಮೇಲೆ ಇಳಿಯುತ್ತಿತ್ತು.

“ಹಾಲಿಲ್ಲ ಅಂದೋರು ಯಾರೇ?” ಎಂದರು. ಆಮೇಲೆ ಮೈಯೆಲ್ಲ ಕುಲುಕಾಡುವಂತೆ ನಗುತ್ತಾ ಮಗುವಿನ ಗಲ್ಲ ಹಿಡಿದರು. “ಒರೇ ನಾಯನಾ, ನಿನ್ನದೇನೂ ತಪ್ಪಿಲ್ಲಪ್ಪಾ! ಅಮ್ಮಣ್ಣೀ, ಇದು ನಮ್ಮ ಕೆಂದ ಹಸು ಕಥೆ ಕಣೇ. ಅದು ಸೊರೆ ಬಿಡ್ತು ಅಂದ್ರೆ ಹಾಲು ಹಂಗೇ ನುಗ್ಗೋದು, ಎಳೇ ಕರು ಉಸಿರುಗಟ್ಟಿ ಮೂತಿ ತಿರುಗಿಸೋದು. ಮೊದಲು ನಾಲ್ಕು ಧಾರೆ ಚೊಂಬಿಗೆ ಹಿಂಡಿ, ಆಮೇಲೆ ಕರು ಬಿಡ್ತೀನಿ. ಬೀಗಮ್ಮಾ, ಹಸುಗೂ ಇಷ್ಟು ಹತ್ತಿಬೀಜ ಹಾಕಲ್ವಲ್ಲಮ್ಮಾ ನಾನು!”

“ನೀವೇ ಒಂದು ಮೂಟೆ ಕಳಿಸಿದ್ರಲ್ಲ ಬೀಗಮ್ಮಾ,” ಎಂದರು ತಾಯಿಯವರು.

ಅತ್ತೆಯವರು ಡಬ್ಬಿಯನ್ನು ಮೆಲ್ಲಗೆ ಬೆನ್ನ ಹಿಂದಕ್ಕೆ ಸರಿಸಿ, ನನ್ನ ಕಡೆ ಒಂದು ಬಟ್ಟೆ ಚಾಚಿದರು.

ಅವರ ಅಪ್ಪಣೆಯಂತೆ ಮೊದಲ ಧಾರೆಯನ್ನು ಬಟ್ಟೆಗೆ ಬಿಟ್ಟೆ. ದಿಂಬಿಗೆ ಒರಗಿ, ಮಗುವನ್ನು ನನ್ನ ಮೇಲೆ ಬೋರಲು ಮಲಗಿಸಿಕೊಂಡು ಕುಡಿಸಿದೆ. ಹಾಲು ಏರಿ ಬರಬೇಕಾದ್ದರಿಂದ ನಿಧಾನವಾಯಿತು. ಮುಷ್ಟಿಗಳು ಬಿಚ್ಚಿದವು. ಬಿಚ್ಚಿದ ಅಂಗೈ ನನ್ನ ಮೇಲೆಯೇ ಇತ್ತು, ತಳ್ಳಲಿಲ್ಲ. ಕುಡಿಯುತ್ತಲೇ ನಿದ್ದೆ ಹೋದ. ಅವನು ಇಷ್ಟು ದಿನ ದೂರ ತಳ್ಳುತ್ತಿದ್ದುದು ನನ್ನನ್ನಲ್ಲ, ಪ್ರವಾಹವನ್ನು. ನಾನು ಅತ್ತುಬಿಟ್ಟೆ; ಅರ್ಜಿಯಲ್ಲಿ ಅಳಬಾರದೆಂದು ತಂದೆಯವರು ಹೇಳಿದ್ದರೇ ಹೊರತು ಕೋಣೆಯಲ್ಲಿ ಅಳಬಾರದೆಂದು ಯಾರೂ ಹೇಳಿರಲಿಲ್ಲ.

ಬೆಳ್ಳುಳ್ಳಿಯೇ ಕಾರಣವೋ, ಹತ್ತಿಬೀಜವೋ, ಮಗು ತಾನಾಗಿ ಬಲಿತದ್ದೋ, ಬಲ್ಲವರು ಹೇಳಬೇಕು. ನನ್ನ ಮುಂದಿನ ಇಬ್ಬರು ಮಕ್ಕಳಿಗೂ ನಾನು ಸಪ್ಪೆ ಸಾರನ್ನೇ ಉಂಡೆನೆಂಬುದಷ್ಟೇ ನನ್ನ ಹೇಳಿಕೆ.

“ಅರ್ಜಿ ಮೇಲೆ ಏನು ಅಪ್ಪಣೆ ಬೀಗಮ್ಮಾ?” ಎಂದು ಪರದೆಯ ಆಚೆಯಿಂದ ಪ್ರಶ್ನೆ ಬಂತು.

“ಮಂಜೂರು!” ಎಂದು ಅತ್ತೆಯವರು, ಹಣೆ ಒರೆಸಿಕೊಂಡ ಕೆಂಪು ಹೆಬ್ಬೆಟ್ಟನ್ನೇ ಅರ್ಜಿಗೆ ಒತ್ತಿದರು. ಡಬ್ಬಿಯ ಪುಡಿ ಮೂರು ದಿನ ಎಲ್ಲರ ಕಾಫಿಗೆ ಬಿದ್ದು, ಎಲ್ಲರಿಂದಲೂ ಬೈಸಿಕೊಂಡಿತು. ಖಾಲಿ ಡಬ್ಬಿಯಲ್ಲಿ ಈಗಲೂ ಆ ಅರ್ಜಿಯಿದೆ.

ಮೊನ್ನೆ ತೆಗೆದು ನೋಡಿದೆ. ಒಂದು ಪುಟದಲ್ಲಿ ಹನ್ನೊಂದು ತಪ್ಪುಗಳು. ಓದಿದ ತಂದೆಯವರು ನಾಚಿಕೆಯಿಂದಲೂ, ಕೇಳಿದ ಅತ್ತೆಯವರು ಓದು ಬಾರದ್ದರಿಂದಲೂ ಅವನ್ನು ತಿದ್ದಲಿಲ್ಲ. ತಮಗೆ ಆ ಎರಡು ಅಡ್ಡಿಗಳೂ ಇಲ್ಲವಾದ್ದರಿಂದ, ಮೇಲ್ಕಂಡ ಬರಹದಲ್ಲಿ ಕಣ್ಣಿಗೆ ಬಿದ್ದ ತಪ್ಪುಗಳನ್ನು ದಯಮಾಡಿ ತಿದ್ದಿಕೊಡಬೇಕಾಗಿ ಪ್ರಾರ್ಥಿಸುತ್ತೇನೆ.